ಓದುಗರ ಪ್ರಶ್ನೆ, ತಜ್ಞರ ಉತ್ತರ: ಪುಟ್ಟ ದೇಶದ ಹಸಿ ಕೊಬ್ಬಿನ ಲೆಕ್ಕ

ಪ್ರಶ್ನೆ: ಎಫ್‌ಎಒ (ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ) ಪ್ರಕಟಿಸುವ ಆಹಾರ ಸಮತೋಲನ ಪಟ್ಟಿಯಲ್ಲಿ, ಅಂದರೆ ದೇಶವಾರು ಆಹಾರ ಪೂರೈಕೆ-ಬಳಕೆಯ ಲೆಕ್ಕದಲ್ಲಿ, ಒಂದು ಪುಟ್ಟ ದೇಶದ ಹಸಿ ಪ್ರಾಣಿಕೊಬ್ಬಿನ ‘ದೇಶೀಯ ಪೂರೈಕೆ’ 2 ಎಂದಿತ್ತು. ಮರುವರ್ಷ 1. ಒಂದೇ ವರ್ಷದಲ್ಲಿ ಅರ್ಧಕ್ಕೆ ಇಳಿಯಿತೇ?

ಉತ್ತರ: ಇಳಿದಿರಲೇಬೇಕೆಂದಿಲ್ಲ. ಆ ಪಟ್ಟಿಯ ಏಕಮಾನ ಸಾವಿರ ಟನ್. ಪೂರ್ಣಾಂಕಕ್ಕೆ ಸರಿಹೊಂದಿಸಿದ್ದರೆ 1,510 ಟನ್ 2 ಆಗುತ್ತದೆ, 1,490 ಟನ್ 1 ಆಗುತ್ತದೆ. ನಿಜವಾದ ವ್ಯತ್ಯಾಸ 20 ಟನ್ ಮಾತ್ರ. ದೊಡ್ಡ ದೇಶಗಳಿಗೆ ಇದು ಲೆಕ್ಕಕ್ಕೇ ಬರುವುದಿಲ್ಲ, ಪುಟ್ಟ ದೇಶದ ಚಿತ್ರವನ್ನೇ ಕೆಡಿಸುತ್ತದೆ. ಜೊತೆಗೆ 2010ರಿಂದೀಚಿನ ಸರಣಿಯ ವಿಧಾನವೇ ಬೇರೆ. ಹಳೆಯ ಸರಣಿಯ ಅಂಕಿಯ ಪಕ್ಕದಲ್ಲಿ ಅದನ್ನಿಟ್ಟು ಏರಿಳಿತ ಹೇಳಬೇಡಿ.

ದೇಶೀಯ ಪೂರೈಕೆ ಎಂದರೆ ಉತ್ಪಾದನೆಗೆ ಆಮದು ಕೂಡಿಸಿ, ರಫ್ತು ಕಳೆದು, ದಾಸ್ತಾನಿನ ಏರಿಳಿತ ಸರಿಹೊಂದಿಸಿದ ಮೊತ್ತ. ಜನ ತಿಂದದ್ದಷ್ಟೇ ಅಲ್ಲ. ಸಾಬೂನಿಗೆ, ಪಶು ಆಹಾರಕ್ಕೆ, ಇಂಧನಕ್ಕೆ ಹೋದದ್ದೂ ಇದರೊಳಗೇ ಇದೆ. ಬೆಣ್ಣೆ, ಕೆನೆ, ಮೀನೆಣ್ಣೆಗಳಿಗೆ ಪ್ರತ್ಯೇಕ ಸಾಲುಗಳಿವೆ.

ಪ್ರಶ್ನೆ: ವಧೆಯಾದ ಪ್ರಾಣಿಗಳ ಸಂಖ್ಯೆ ಗೊತ್ತಿದ್ದರೆ ಪೂರೈಕೆಯನ್ನು ನಾವೇ ಅಂದಾಜು ಮಾಡಬಹುದೇ?

ಉತ್ತರ: ಮಾಡಬಹುದು. ಮೊದಲು ಒಂದು ಗೆರೆ ಎಳೆದುಕೊಳ್ಳಿ: ಮಾಂಸಕ್ಕೆ ಅಂಟಿಕೊಂಡೇ ಮಾರಾಟವಾಗುವ ಕೊಬ್ಬು ಮಾಂಸದ ತೂಕದಲ್ಲೇ ಸೇರಿರುತ್ತದೆ. ನಿಮಗೆ ಬೇಕಾದದ್ದು ಮೂತ್ರಪಿಂಡ, ಕರುಳು, ಹೊಟ್ಟೆಯ ಸುತ್ತಲಿಂದ ಮತ್ತು ಮಾಂಸ ಹಸನು ಮಾಡುವಾಗ ಬಿಡಿಸಿ ತೆಗೆದ ಕೊಬ್ಬು.

ಲೆಕ್ಕದ ರೀತಿ ತಿಳಿಯಲು ಕಾಲ್ಪನಿಕ ಅಂಕಿಗಳನ್ನೇ ತೆಗೆದುಕೊಳ್ಳೋಣ. 60,000 ದನ, ತಲಾ 12 ಕಿಲೋ: 720 ಟನ್. 2 ಲಕ್ಷ ಕುರಿ, ತಲಾ 1 ಕಿಲೋ: 200 ಟನ್. 90,000 ಹಂದಿ, ತಲಾ 5 ಕಿಲೋ: 450 ಟನ್. ಒಟ್ಟು 1,370 ಟನ್. ಇದು ಸಿಗಬಹುದಾದದ್ದು, ಸಿಕ್ಕಿದ್ದಲ್ಲ. ಮನೆಗಳಲ್ಲಿ, ಸಣ್ಣ ಕಸಾಯಿಖಾನೆಗಳಲ್ಲಿ ಕಡಿದ ಪ್ರಾಣಿಯ ಕೊಬ್ಬು ಬಹುಪಾಲು ತಿಪ್ಪೆಗೆ ಹೋಗುತ್ತದೆ. ಸಂಗ್ರಹವಾದದ್ದು ಶೇ. 60 ಎಂದಿಟ್ಟರೆ ಉಳಿಯುವುದು 822 ಟನ್. ಇಡೀ ಅಂದಾಜಿನಲ್ಲಿ ಅತಿ ದುರ್ಬಲ ಅಂಕಿ ಈ ಶೇಕಡಾವಾರೇ. ತಳಿಯ ಬಗ್ಗೆ ತಲೆ ಕೆಡಿಸಿಕೊಳ್ಳುವ ಮೊದಲು ಕಸಾಯಿಖಾನೆಗಳಿಗೆ ಹೋಗಿ ಒಂದು ವಾರ ಕೊಬ್ಬನ್ನು ತೂಗಿಸಿ. ಜೀವಂತವಾಗಿ ರಫ್ತಾದ ಪ್ರಾಣಿಗಳನ್ನು ಸೇರಿಸಬೇಡಿ, ಅವುಗಳ ಕೊಬ್ಬು ಅವುಗಳ ಜೊತೆಗೇ ಗಡಿ ದಾಟಿರುತ್ತದೆ.

ಇನ್ನು ವ್ಯಾಪಾರ. ಹಸಿ ಕೊಬ್ಬಿನಲ್ಲಿ ನೀರೂ ನಾರೂ ಇರುತ್ತವೆ. ಕರಗಿಸಿದಾಗ ಕೈಗೆ ಬರುವುದು ಸುಮಾರು ಮುಕ್ಕಾಲು ಪಾಲು. ಆದ್ದರಿಂದ 300 ಟನ್ ಟ್ಯಾಲೋ (ದನ, ಕುರಿಗಳ ಕರಗಿಸಿದ ಕೊಬ್ಬು) ಆಮದಾಗಿದ್ದರೆ ಅದನ್ನು 0.75ರಿಂದ ಭಾಗಿಸಿ 400 ಟನ್ ಹಸಿ ಕೊಬ್ಬು ಎಂದು ಬರೆಯಿರಿ. ಹಸಿಯಾಗಿಯೇ 200 ಟನ್ ರಫ್ತಾಗಿದ್ದು ದಾಸ್ತಾನು ಬದಲಾಗದಿದ್ದರೆ ಪೂರೈಕೆ 822 + 400 − 200 = 1,022 ಟನ್. ಭಾಗಿಸದೆ ಕೂಡಿಸಿದರೆ 922 ಬರುತ್ತದೆ. 100 ಟನ್ ಮಾಯ.

ಪ್ರಶ್ನೆ: ಕಸ್ಟಮ್ಸ್ ದಾಖಲೆಯಲ್ಲಿ ಯಾವ ಶೀರ್ಷಿಕೆಗಳನ್ನು ನೋಡಬೇಕು?

ಉತ್ತರ: ಎಚ್‌ಎಸ್ (ಸರಕುಗಳನ್ನು ವರ್ಗೀಕರಿಸುವ ಅಂತರರಾಷ್ಟ್ರೀಯ ಕಸ್ಟಮ್ಸ್ ಸಂಕೇತ) 0209ರಲ್ಲಿ ಕರಗಿಸದ ಹಂದಿ ಮತ್ತು ಕೋಳಿ ಕೊಬ್ಬು, 1501ರಲ್ಲಿ ಅವೇ ಕರಗಿಸಿದ ರೂಪದಲ್ಲಿ. ದನ, ಕುರಿ, ಮೇಕೆಯ ಕೊಬ್ಬು 1502. ಎಡವುವುದು ಇಲ್ಲೇ, ಏಕೆಂದರೆ ಹಸಿಯದೂ ಕರಗಿಸಿದ್ದೂ ಎರಡೂ ಇದೇ ಶೀರ್ಷಿಕೆಯಡಿ ಬರುತ್ತವೆ. 1502.10 ಟ್ಯಾಲೋ, 1502.90 ಉಳಿದದ್ದು. ನಾಲ್ಕಂಕಿಯಲ್ಲೇ ನಿಲ್ಲದೆ ಆರಂಕಿಯವರೆಗೆ ಇಳಿಯಿರಿ.

ಪ್ರಶ್ನೆ: ನಮ್ಮ ಸಣ್ಣ ಘಟಕದಲ್ಲಿ ಕರಗಿಸಿದ ಕೊಬ್ಬು ಬೇಗ ಕಮಟುತ್ತದೆ, ಬಣ್ಣವೂ ಕಪ್ಪು. ಖಾದ್ಯ ದರ್ಜೆಯದು ಸಿಗುವುದೇ ಇಲ್ಲ. ಏಕೆ?

ಉತ್ತರ: ತಪ್ಪು ಸಾಮಾನ್ಯವಾಗಿ ಬೆಂಕಿಗಿಡುವ ಮೊದಲೇ ಆಗಿರುತ್ತದೆ. ಪ್ರಾಣಿ ಸತ್ತ ಮೇಲೂ ಕೊಬ್ಬಿನೊಳಗಿನ ಕಿಣ್ವಗಳು ಕೆಲಸ ಮಾಡುತ್ತಲೇ ಇರುತ್ತವೆ. ಬೆಚ್ಚಗೆ ರಾಶಿ ಹಾಕಿದರೆ ಕೆಲವೇ ಗಂಟೆಗಳಲ್ಲಿ ಬಿಡಿ ಕೊಬ್ಬಿನಾಮ್ಲ (ಕೊಬ್ಬು ಒಡೆದು ಬಿಡುಗಡೆಯಾಗುವ ಆಮ್ಲ) ಏರುತ್ತದೆ. ಅದೇ ದಿನ ಕರಗಿಸಿ, ಆಗದಿದ್ದರೆ 7 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಡಿ. ಕರುಳಿನ ಕೊಬ್ಬನ್ನು ಮೂತ್ರಪಿಂಡದ ಕೊಬ್ಬಿನೊಂದಿಗೆ ಬೆರೆಸಬೇಡಿ, ಕೊಳಕಿನಿಂದ ಇಡೀ ತೊಟ್ಟಿ ಕೆಡುತ್ತದೆ. ರಕ್ತ, ಮಾಂಸದ ಚೂರು ತೆಗೆದು ತಣ್ಣೀರಲ್ಲಿ ತೊಳೆಯಿರಿ: ರಕ್ತದ ಕಬ್ಬಿಣ ಕಮಟುವಿಕೆಯನ್ನು ಚುರುಕುಗೊಳಿಸುತ್ತದೆ. ಹಿತ್ತಾಳೆ, ತಾಮ್ರದ ಕವಾಟಗಳಿದ್ದರೆ ಬದಲಿಸಿ ಸ್ಟೇನ್‌ಲೆಸ್ ಹಾಕಿಸಿ.

ಸಣ್ಣದಾಗಿ ಕೊಚ್ಚಿ, ಕಲಕುತ್ತಾ ಕಾಯಿಸಿ. ಗುಳ್ಳೆ ನಿಂತರೆ ನೀರು ಹೋಗಿದೆ ಎಂದರ್ಥ, ಅಲ್ಲಿಗೆ ನಿಲ್ಲಿಸಿ. ಆಮೇಲೂ ಉರಿ ಮುಂದುವರಿದರೆ ಚರಟ ಸೀದು ಬಣ್ಣ ಕಪ್ಪಾಗುತ್ತದೆ. ಬಿಸಿಯಿರುವಾಗಲೇ ಸೋಸಿ, ತಳಕ್ಕಿಳಿದ ನೀರನ್ನು ಬಸಿಯಿರಿ. ಹಳೆಯ ಡ್ರಮ್ಮಿನ ಮೇಲೆ ಹೊಸದನ್ನು ಸುರಿಯುವ ರೂಢಿ ಬಿಡಿ.

ಕೋಡೆಕ್ಸ್ (ಅಂತರರಾಷ್ಟ್ರೀಯ ಆಹಾರ ಸಂಹಿತೆ) ಮಾನದಂಡದಂತೆ ಖಾದ್ಯ ಟ್ಯಾಲೋದ ಆಮ್ಲಮೌಲ್ಯ (ಬಿಡಿ ಆಮ್ಲವನ್ನು ತಟಸ್ಥಗೊಳಿಸಲು ಬೇಕಾಗುವ ಕ್ಷಾರದ ಅಳತೆ) ಗ್ರಾಂಗೆ 2.5 ಮಿ.ಗ್ರಾಂ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಮೀರಬಾರದು, ಅಂದರೆ ಸುಮಾರು ಶೇ. 1.25 ಬಿಡಿ ಆಮ್ಲ. ಮೀರಿದ್ದನ್ನು ಸಾಬೂನಿಗೆ ಅಥವಾ ಇಂಧನಕ್ಕೆ ಕೊಡಿ, ಹೊಸ ಕೊಬ್ಬಿಗೆ ಬೆರೆಸಿ ಪಾಸು ಮಾಡಿಸಲು ಹೋಗಬೇಡಿ.