ಸೋರದಿದ್ದರೂ ಕೂಗುವ ಅಲಾರಂ

ಪ್ರಶ್ನೆ: ಅಡುಗೆಮನೆಯಲ್ಲಿ ಗ್ಯಾಸ್ ಸೋರಿಕೆ ತಿಳಿಸುವ ಅಲಾರಂ ಹಾಕಿಸಿದ್ದೇವೆ. ಸಿಲಿಂಡರ್ ಸರಿಯಾಗಿಯೇ ಇದೆ, ಆದರೂ ಅದರ ಹತ್ತಿರ ಸ್ಯಾನಿಟೈಸರ್ ಹಚ್ಚಿಕೊಂಡರೆ ಕೂಗುತ್ತದೆ. ಕೆಟ್ಟಿದೆ, ಬಿಸಾಡಿ ಎನ್ನುತ್ತಾನೆ ಮಗ. ಅದರೊಳಗೆ ಏನಿರುತ್ತದೆ?
– ಓದುಗರೊಬ್ಬರು, ಹಾಸನ

ಉತ್ತರ: ಮಗನ ಮಾತು ಕೇಳಿ ಬಿಸಾಡಬೇಡಿ. ಕೂಗುತ್ತಿರುವವರೆಗೆ ಅದಕ್ಕೆ ಜೀವವಿದೆ ಎಂದೇ ಅರ್ಥ.

ಇಂಥ ಅಲಾರಂಗಳಲ್ಲಿ ಸಾಮಾನ್ಯವಾಗಿ ಇರುವುದು ತವರದ ಆಕ್ಸೈಡ್. ಪುಟ್ಟ ಹೀಟರೊಂದು ಅದನ್ನು ಕೆಲವು ನೂರು ಡಿಗ್ರಿಗೆ ಕಾಯಿಸಿಟ್ಟಿರುತ್ತದೆ. ಗಾಳಿಯ ಆಮ್ಲಜನಕ ಮೇಲ್ಮೈಗೆ ಅಂಟಿಕೊಂಡು ಆಕ್ಸೈಡಿನ ಎಲೆಕ್ಟ್ರಾನುಗಳನ್ನು ಹಿಡಿದಿಡುವುದರಿಂದ ವಿದ್ಯುತ್ ಹರಿಯುವುದು ಕಷ್ಟ. ಗ್ಯಾಸಿನ ಪ್ರೊಪೇನ್, ಬ್ಯೂಟೇನ್ ತಾಗಿದರೆ ಆ ಆಮ್ಲಜನಕ ಅವುಗಳೊಡನೆ ಕೂಡಿ ಖರ್ಚಾಗುತ್ತದೆ. ಎಲೆಕ್ಟ್ರಾನುಗಳು ಬಿಡುಗಡೆಯಾಗುತ್ತವೆ, ರೋಧ ಕುಸಿಯುತ್ತದೆ, ಅಲಾರಂ ಹೊಡೆದುಕೊಳ್ಳುತ್ತದೆ. ಸ್ಯಾನಿಟೈಸರಿನ ಆಲ್ಕೋಹಾಲ್ ಮಾಡುವುದೂ ಇದನ್ನೇ. ಬೀದಿಗೆ ಯಾರು ಬಂದರೂ ಬೊಗಳುವ ನಾಯಿಯಂತೆ, ಬಂದವರು ಯಾರೆಂಬುದು ಅದಕ್ಕೆ ಬೇಕಿಲ್ಲ. ಪಲ್ಲಾಡಿಯಂ ಎಂಬ ಲೋಹ ಬೆರೆಸಿ, ಬಿಸಿ ಹೆಚ್ಚುಕಡಿಮೆ ಮಾಡಿ ಈ ಗುಣವನ್ನು ತಕ್ಕಮಟ್ಟಿಗೆ ತಿದ್ದುತ್ತಾರೆ, ಪೂರ್ತಿ ತಿದ್ದಲಾಗಿಲ್ಲ.

1962ರಲ್ಲಿ ಜಪಾನಿನ ಸೆಯಿಯಾಮ ಮತ್ತು ಸಂಗಡಿಗರು ಸತುವಿನ ಆಕ್ಸೈಡಿನ ತೆಳುಪದರವನ್ನು ಬಳಸಿ ಅನಿಲ ಪತ್ತೆಹಚ್ಚುವುದನ್ನು ತೋರಿಸಿದರು. ತೆಳುವಾಗಿಯೇ ಏಕೆ? ಮೇಲ್ಮೈಯಲ್ಲಿ ನಡೆಯುವ ಈ ಕೊಡುಕೊಳ್ಳುವಿಕೆಯ ಪ್ರಭಾವ ಒಳಗೆ ಕೆಲವೇ ನ್ಯಾನೋಮೀಟರ್ ಇಳಿಯುತ್ತದೆ. ಒತ್ತಾದ ದಪ್ಪ ಪದರದಲ್ಲಿ ಆ ಬದಲಾವಣೆ ಕಾಣದೆ ಹೋಗುತ್ತದೆ. ತೆಳುಪದರದಲ್ಲಾದರೆ ವಿದ್ಯುತ್ತಿನ ಹಾದಿಯೇ ಬದಲಾಗುತ್ತದೆ.

ನನಗೆ ಭಯ ಕೂಗದಿರುವ ಅಲಾರಂ ಬಗ್ಗೆ. ಸಿಂಕಿನ ಸಂದಿಗೆ ಹಚ್ಚುವ ಸಿಲಿಕೋನ್ ಅಂಟು, ಸಿಲಿಕೋನ್ ಇರುವ ಪಾಲಿಶ್ ಸ್ಪ್ರೇಗಳ ಆವಿ ಆ ಬಿಸಿ ಪದರದ ಮೇಲೆ ಕೂತು ಅದನ್ನು ಶಾಶ್ವತವಾಗಿ ಮಂಕಾಗಿಸಬಹುದು. ಹೊರಗಿನಿಂದ ನೋಡಿದರೆ ಹಸಿರು ದೀಪ ಉರಿಯುತ್ತಲೇ ಇರುತ್ತದೆ! ಅವಧಿ ಮುಗಿಯುವ ವರ್ಷ ಹಿಂಬದಿಯಲ್ಲಿ ಇದೆಯೇ ನೋಡಿ.

ಎಷ್ಟು ಎತ್ತರದಲ್ಲಿ ಹಾಕಿಸಿದ್ದೀರಿ ಎಂದು ಬರೆದಿಲ್ಲ. ಸಿಲಿಂಡರ್ ಗ್ಯಾಸ್ ಗಾಳಿಗಿಂತ ಭಾರ, ಹಾಗಾಗಿ ಅಲಾರಂ ನೆಲದ ಹತ್ತಿರವಿರಬೇಕು. ಪೈಪಿನಲ್ಲಿ ಬರುವ ನೈಸರ್ಗಿಕ ಅನಿಲ ಹಗುರ, ಅದಕ್ಕಾದರೆ ಸೂರಿನ ಹತ್ತಿರ. ಸ್ಯಾನಿಟೈಸರನ್ನು ಹಜಾರಕ್ಕೆ ಸಾಗಿಸಿ.