ಬರ್ಕ್ಲಿ ಕ್ಯಾಂಪಸ್ಸಿನಲ್ಲಿ ಕೂಗಾಡಿ ನಗಿಸುವ ಆ ಮನುಷ್ಯನನ್ನು ಯಾಕೆ ಯಾರೂ ಓಡಿಸುವುದಿಲ್ಲ?

ನಿಮ್ಮ ಮಗಳು ಈ ವರ್ಷ ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯಕ್ಕೆ ಸೇರಿದ್ದಾಳೆ. ಕ್ಯಾಂಪಸ್ಸಿನ ಬಾಗಿಲಲ್ಲೇ ಒಬ್ಬರು ನಿಂತು ದೇಶದ ಅಧ್ಯಕ್ಷರನ್ನೂ ವಿದ್ಯಾರ್ಥಿಗಳನ್ನೂ ಒಟ್ಟಿಗೆ ಗೇಲಿ ಮಾಡುವುದನ್ನು ನೋಡಿ ಅವಳಿಗೆ ಗಾಬರಿಯಾಗಿದೆ. ಮೇಷ್ಟ್ರೂ ಅಲ್ಲದ, ವಿದ್ಯಾರ್ಥಿಯೂ ಅಲ್ಲದ ಇಂಥವರಿಗೆ ಅಲ್ಲೇನು ಕೆಲಸ, ಇದೂ ಕಾಲೇಜಿನ ಭಾಗವೇ ಅಂತ ಕೇಳಿದ್ದೀರಿ.

ನಾನು ಅಲ್ಲಿ ಎರಡು ವರ್ಷ ಓದಿದೆ. ನನಗೂ ಮೊದಲು ಹಾಗೇ ಅನ್ನಿಸಿತ್ತು. ದುಡ್ಡು ಕೊಟ್ಟು ಓದಲು ಬಂದಿದ್ದೇವೆ, ದಾರಿಯಲ್ಲಿ ಇದೇನು ಗಲಾಟೆ ಅಂತ.

ಆ ಜಾಗದ ಹೆಸರು ಸ್ಪ್ರೌಲ್ ಪ್ಲಾಜಾ. 1964ರ ಶರತ್ಕಾಲದಲ್ಲಿ, ಕ್ಯಾಂಪಸ್ಸಿನ ಅಂಚಿನ ಒಂದು ಸಣ್ಣ ಪಟ್ಟಿ ಜಾಗದಲ್ಲಿ ವಿದ್ಯಾರ್ಥಿಗಳು ಮೇಜು ಹಾಕಿ ರಾಜಕೀಯ ಪ್ರಚಾರ ಮಾಡಬಾರದು ಎಂದು ಆಡಳಿತ ಹೇಳಿತು. ವಿದ್ಯಾರ್ಥಿಗಳು ಕೇಳಲಿಲ್ಲ. ಅಕ್ಟೋಬರ್ 1ರಂದು ಪ್ಲಾಜಾದಲ್ಲಿ ಹಾಗೆ ಮೇಜು ಹಾಕಿ ಕೂತಿದ್ದ ಜ್ಯಾಕ್ ವೈನ್‌ಬರ್ಗ್ ಎಂಬುವರನ್ನು ಪೊಲೀಸರು ಕಾರಿಗೆ ಹತ್ತಿಸಿದರು. ಜನ ಕಾರಿನ ಸುತ್ತ ಕೂತುಬಿಟ್ಟರು. 32 ಗಂಟೆ ಕಾರು ಅಲ್ಲಾಡಲಿಲ್ಲ, ವೈನ್‌ಬರ್ಗ್ ಅದರೊಳಗೇ ಇದ್ದರು. ಅದೇ ಕಾರಿನ ತಲೆಯೇ ವೇದಿಕೆಯಾಯಿತು. ವಿದ್ಯಾರ್ಥಿ ನಾಯಕ ಮಾರಿಯೋ ಸ್ಯಾವಿಯೋ ಅದರ ಮೇಲೆ ಹತ್ತಿ ಮಾತಾಡುವ ಮೊದಲು ಶೂ ಬಿಚ್ಚಿಟ್ಟರು, ಕಾರಿಗೆ ಗೀರು ಬೀಳಬಾರದು ಅಂತ. ಇಡೀ ಚಳವಳಿಯಲ್ಲಿ ನನಗೆ ತುಂಬ ಇಷ್ಟವಾದ ವಿಷಯ ಇದೇ. ಡಿಸೆಂಬರ್ 8ರಂದು ಅಧ್ಯಾಪಕರ ಸಭೆ 824ಕ್ಕೆ 115 ಮತಗಳಿಂದ ವಿದ್ಯಾರ್ಥಿಗಳ ಪರ ನಿಂತಿತು. ಈಗ ಅಲ್ಲಿನ ಮೆಟ್ಟಿಲುಗಳಿಗೆ ಸ್ಯಾವಿಯೋ ಅವರ ಹೆಸರೇ ಇದೆ.

ಹಾಗಾಗಿ ಯಾರೋ ನಿಂತು ಕೂಗಿದರೆ ಓಡಿಸುವುದು ಯುನಿವರ್ಸಿಟಿಗೆ ಅಷ್ಟು ಸುಲಭವಲ್ಲ. ಅದು ಸರ್ಕಾರಿ ಸಂಸ್ಥೆ. ಅಮೆರಿಕದ ಸಂವಿಧಾನದ ಮೊದಲ ತಿದ್ದುಪಡಿ ಅದರ ಕೈ ಕಟ್ಟುತ್ತದೆ. ಎಲ್ಲಿ, ಯಾವಾಗ, ಎಷ್ಟು ಜೋರಾಗಿ ಅನ್ನುವುದಕ್ಕೆ ನಿಯಮ ಹಾಕಬಹುದು. ಏನು ಮಾತಾಡಬೇಕು ಅನ್ನುವುದಕ್ಕೆ ಆಗುವುದಿಲ್ಲ. ಮೈಕಿಗೆ ನಿಯಮ ಇದೆ. ಬರೀ ಗಂಟಲಿಗೆ ಅಷ್ಟು ಕಾಟವಿಲ್ಲ. ಆದ್ದರಿಂದಲೇ ಈ ಬೀದಿ ಕಲಾವಿದರ ಗಂಟಲು ಹಾಗಿರುವುದು!

ಸ್ಟೋನಿ ಬರ್ಕ್ ಎಂಬ ಕಲಾವಿದರು ಅಲ್ಲಿ ದಶಕಗಳ ಕಾಲ ಇದನ್ನೇ ಮಾಡಿದವರು. ಅವರ ಹಾಗೆ ಬಂದು ಹೋದವರು ಇನ್ನೂ ಇದ್ದಾರೆ. ನಾನು ಜಾಸ್ತಿ ನೋಡಿದವರು ಬೇರೊಬ್ಬರು, ಹೆಸರು ಬೇಡ ಬಿಡಿ.

ಈ ಕೆಲಸ ಎಷ್ಟು ಕಷ್ಟ ಅಂತ ಗೊತ್ತಾಗಿದ್ದು ಗಡಿಯಾರ ನೋಡಿದಾಗ. ಬರ್ಕ್ಲಿಯಲ್ಲಿ ಸಾಮಾನ್ಯವಾಗಿ ಎಲ್ಲ ತರಗತಿಯೂ ಹೇಳಿದ ಸಮಯಕ್ಕಿಂತ ಹತ್ತು ನಿಮಿಷ ತಡವಾಗಿ ಶುರುವಾಗುತ್ತದೆ. ಬರ್ಕ್ಲಿ ಟೈಮ್ ಅಂತಲೇ ಅದಕ್ಕೆ ಹೆಸರು. ಅಂದರೆ ಕಲಾವಿದನ ಕೈಗೆ ಜನ ಸಿಗುವುದು ಆ ಹತ್ತು ನಿಮಿಷ. ಅಷ್ಟರಲ್ಲಿ ನಡೆಯುವವರನ್ನು ನಿಲ್ಲಿಸಬೇಕು, ನಗಿಸಬೇಕು, ಕೆಣಕಬೇಕು, ಅವರು ಓಡುವ ಮೊದಲು ದುಡ್ಡಿಗಾಗಿ ಟೋಪಿಯನ್ನೂ ಮುಂದೆ ಹಿಡಿಯಬೇಕು. ಸಾಲದ್ದಕ್ಕೆ ಸರಿಯಾಗಿ ಮಧ್ಯಾಹ್ನ ಹನ್ನೆರಡಕ್ಕೆ ಎತ್ತರದ ಗಂಟೆಗೋಪುರದಲ್ಲಿ ಸಂಗೀತ ಶುರುವಾಗುತ್ತದೆ. ಅದೂ ಹತ್ತು ನಿಮಿಷವೇ. ನಾನು ನೋಡುತ್ತಿದ್ದವರು ಆ ಗಂಟೆಗಳ ಜೊತೆ ಜಗಳಕ್ಕೇ ನಿಲ್ಲುತ್ತಿದ್ದರು. ಗೋಪುರದ ಕಡೆ ಕೈ ತೋರಿಸಿ, ನನಗೆ ಮೈಕಿಲ್ಲ, ನಿನಗೆ ಮಾತ್ರ ಯಾರು ಪರ್ಮಿಷನ್ ಕೊಟ್ಟರು ಅನ್ನುತ್ತಿದ್ದರು. ಜನ ನಿಂತುಬಿಡುತ್ತಿದ್ದರು.

ನಾನೂ ಒಂದು ದಿನ ನಿಂತೆ. ಆಳುವ ಪಕ್ಷವನ್ನು ಬೈದರು, ನಕ್ಕೆವು. ವಿರೋಧ ಪಕ್ಷವನ್ನು ಬೈದರು, ಸ್ವಲ್ಪ ಕಡಿಮೆ ನಕ್ಕೆವು. ಆಮೇಲೆ ಅವರ ಕಣ್ಣು ನನ್ನ ಹೆಗಲಿಗೆ ಹೋಯಿತು. ಉದ್ಯೋಗ ಮೇಳದಲ್ಲಿ ಪುಕ್ಕಟೆ ಸಿಕ್ಕಿದ್ದ ಒಂದು ದೊಡ್ಡ ಕಂಪನಿಯ ಚೀಲ ಅದು. ಅರೆ, ಇಲ್ಲಿ ನೋಡಿ, ಕ್ರಾಂತಿ ಕೇಳಲು ಬಂದವನು ಇಂಟರ್‌ವ್ಯೂಗೂ ರೆಡಿಯಾಗಿ ಬಂದಿದ್ದಾನೆ ಅಂದರು. ಎಲ್ಲರೂ ಗೊಳ್ಳೆಂದರು. ನನಗೆ ಕಿವಿಯೆಲ್ಲ ಬಿಸಿ. ಬಾಯಿಂದ ಒಂದು ಮಾತು ಹೊರಡಲಿಲ್ಲ. ಉತ್ತರ ಹೊಳೆದದ್ದು ರಾತ್ರಿ ಪಾತ್ರೆ ತೊಳೆಯುವಾಗ.

ಒಂದು ವಾರ ಬೇರೆ ದಾರಿಯಲ್ಲಿ ಓಡಾಡಿದೆ. ಆಮೇಲೆ ನಾನೇ ಹುಡುಕಿಕೊಂಡು ಹೋದೆ.

ಯಾಕೆ ಅಂದರೆ, ವಿದ್ಯಾರ್ಥಿ ವೀಸಾದಲ್ಲಿದ್ದ ನನಗೆ ಆ ದೇಶದಲ್ಲಿ ಓಟಿಲ್ಲ. ಮೆರವಣಿಗೆ ಕಂಡರೆ ಭಯ, ಎಲ್ಲಿ ಪೇಪರ್ಸಿಗೆ ತೊಂದರೆಯಾಗುತ್ತದೋ ಅಂತ. ತರಗತಿಯಲ್ಲೂ ರಾಜಕೀಯ ಬಂದರೆ ನೋಟ್ಸ್ ಬರೆಯುವ ಹಾಗೆ ತಲೆ ತಗ್ಗಿಸುತ್ತಿದ್ದೆ. ಆ ಗುಂಪಿನಲ್ಲಿ ಮಾತ್ರ ನನ್ನನ್ನೂ ಒಬ್ಬ ಆಸಾಮಿ ಅಂತ ಲೆಕ್ಕಕ್ಕೆ ತೆಗೆದುಕೊಂಡು ಬೈದರು. ಅದೇ ಪ್ಲಾಜಾದ ನೆಲದಲ್ಲಿ ಕಲ್ಲಿನ ಒಂದು ವೃತ್ತವಿದೆ. ನಡುವೆ ಆರು ಇಂಚಿನಷ್ಟು ಮಣ್ಣು. ಈ ಮಣ್ಣೂ ಇದರ ಮೇಲಿನ ಆಕಾಶವೂ ಯಾವ ದೇಶಕ್ಕೂ ಸೇರಿದ್ದಲ್ಲ ಎಂದು ಸುತ್ತ ಕೆತ್ತಿದ್ದಾರೆ. ಒಂದು ಪಾದವೂ ಪೂರ್ತಿ ಹಿಡಿಸುವುದಿಲ್ಲ. ಹುಡುಕಿಕೊಂಡು ಹೋದ ಆ ದಿನ ನಾನು ಅದರ ಮೇಲೆ ತುದಿಗಾಲಲ್ಲಿ ನಿಂತು, ಇಲ್ಲಿ ನನಗೆ ವೀಸಾ ಬೇಡ ಅಂದೆ. ಈ ಸಲ ನಗಿಸಿದ್ದು ನಾನು. ಅವರು ಟೋಪಿಯಿಂದ ಒಂದು ಡಾಲರ್ ತೆಗೆದು ನನ್ನ ಕೈಗಿಟ್ಟರು. ಆಮೇಲೆ ವಾಪಸ್ ಕಿತ್ತುಕೊಂಡರು, ಅದು ಬೇರೆ ಮಾತು.

ಹಾಗಂತ ಅವರು ಹೇಳಿದ್ದೆಲ್ಲ ಸರಿ ಅಂತಲ್ಲ. ಎಷ್ಟೋ ಸಲ ಹಳಸಿದ ಜೋಕು. ಕೆಲವು ದಿನ ಬರೀ ಕೂಗಾಟ. ಹೆಣ್ಣುಮಕ್ಕಳ ಬಟ್ಟೆಯ ಬಗ್ಗೆ ಒಮ್ಮೆ ಏನೋ ಅಂದಾಗ ಒಬ್ಬ ಹುಡುಗಿ ನಡುವೆಯೇ ನಿಂತು ಸರಿಯಾಗಿ ತಿರುಗಿಸಿ ಕೊಟ್ಟಳು. ಜನ ಅವಳಿಗೇ ಚಪ್ಪಾಳೆ ತಟ್ಟಿದರು. ಅವರೂ ಟೋಪಿ ತೆಗೆದು ಸೋತೆ ಅಂದರು. ಇದು ಕಾಲೇಜಿನ ಭಾಗವೇ ಅಂತ ಕೇಳಿದಿರಲ್ಲ, ನನ್ನ ಮಟ್ಟಿಗೆ ಆ ಹುಡುಗಿ ಬಾಯಿ ತೆರೆದದ್ದೇ ಉತ್ತರ. ಮೊಬೈಲಿನಲ್ಲಿ ಇಪ್ಪತ್ತು ಸೆಕೆಂಡಿನ ತುಣುಕು ನೋಡಿದರೆ ಇದು ಸಿಗುವುದಿಲ್ಲ. ಅಲ್ಲಿ ಬರೀ ಬೈಗುಳ ಉಳಿದಿರುತ್ತದೆ.

ಮಗಳಿಗೆ ಹೇಳಿ, ಇಷ್ಟವಿಲ್ಲದಿದ್ದರೆ ನಿಲ್ಲಬೇಕಾಗಿಲ್ಲ, ಯಾರೂ ಏನೂ ಅಂದುಕೊಳ್ಳುವುದಿಲ್ಲ. ಯಾರಾದರೂ ಹಿಂದೆ ಬಿದ್ದರೆ, ಬೆದರಿಸಿದರೆ, ಅದು ಕಾಮಿಡಿ ಅಲ್ಲ, ದೂರು ಕೊಡಬಹುದು. ನಿಲ್ಲುವುದಾದರೆ ಎರಡನೇ ಸಾಲಿನಲ್ಲಿ ನಿಲ್ಲಲಿ. ಕಂಪನಿ ಚೀಲ ಮನೆಯಲ್ಲೇ ಇರಲಿ.