ಎರಡು ನಿಘಂಟು ದಾಟಿ ಬಂದ ಗೆಳೆತನ

ಮಾನ್ಯರೇ,

ನಮ್ಮ ಸಂಗೀತ ಸಂಚಿಕೆಯಲ್ಲಿ ನಾನು ಬರೆದಿದ್ದ 'ಸಂಗೀತಕ್ಕೆ ಭಾಷೆಯ ಹಂಗಿಲ್ಲ' ಎಂಬ ಮಾತನ್ನು ನೀವು ಒಪ್ಪಿಲ್ಲ. ಎರಡು ನಾಡಿನ ಕಲಾವಿದರನ್ನು ಒಂದೇ ವೇದಿಕೆಗೆ ಹತ್ತಿಸಿದರೆ ಸ್ನೇಹವಾಗಿಬಿಡುತ್ತದೆಯೇ, ನಂಬುವಂಥ ಒಂದು ಸಿನಿಮಾ ಇದ್ದರೆ ಹೇಳಿ ಎಂದು ಕೇಳಿದ್ದೀರಿ. ಇದೆ. 1999ರ ಸಾಕ್ಷ್ಯಚಿತ್ರ 'ಜೆಂಘಿಸ್ ಬ್ಲೂಸ್', ನಿರ್ದೇಶಕ ರೋಕೊ ಬೆಲಿಕ್. ಆಸ್ಕರ್‌ಗೆ ನಾಮನಿರ್ದೇಶನಗೊಂಡಿದ್ದರೂ ನಮ್ಮಲ್ಲಿ ಅದರ ಮಾತೆತ್ತುವವರನ್ನು ನಾನು ಕಂಡದ್ದು ಕಡಿಮೆ.

ಪಾಲ್ ಪೆನಾ ಸ್ಯಾನ್ ಫ್ರಾನ್ಸಿಸ್ಕೊದ ಬ್ಲೂಸ್ ಗಾಯಕ; ಬ್ಲೂಸ್ ಎಂದರೆ ಅಮೆರಿಕದ ಕಪ್ಪು ಜನರ ನಡುವೆ ಹುಟ್ಟಿದ ಹಾಡಿನ ಪ್ರಕಾರ. ಕಣ್ಣು ಕಾಣದು. 1984ರಲ್ಲಿ ಶಾರ್ಟ್‌ವೇವ್ ರೇಡಿಯೊ ತಿರುಗಿಸುತ್ತಿದ್ದಾಗ ಮಾಸ್ಕೋ ಕೇಂದ್ರದಿಂದ ಅವರು ಹಿಂದೆಂದೂ ಕೇಳದ ದನಿಯೊಂದು ಬಂತು. ಅದು ದಕ್ಷಿಣ ಸೈಬೀರಿಯದ ತುವಾ ಜನರ ಗಂಟಲ ಗಾಯನ. ತಂಬೂರಿಯ ಮಂದ್ರ ತಂತಿ ಮೀಟಿದರೆ ಯಾರೂ ನುಡಿಸದ ಗಾಂಧಾರ ಮೇಲೆ ತೇಲುತ್ತದಲ್ಲ, ಅಂಥ ಅನುಸ್ವರವನ್ನು ಇವರು ನಾಲಗೆ, ತುಟಿಗಳ ಹೊಂದಿಕೆಯಿಂದ ಹೆಕ್ಕಿ ಕೇಳಿಸುತ್ತಾರೆ. ಒಂದೇ ಗಂಟಲು, ಎರಡು ಸ್ವರ.

ಪೆನಾ ಅದನ್ನು ಗುರುವಿಲ್ಲದೆ ಕಲಿತರು. ಬರೀ ದನಿ ಸಾಲದೆನಿಸಿ ತುವಾ ಜನರ ತುವನ್ ಭಾಷೆಗೂ ಕೈಹಾಕಿದರು. ತುವನ್‌ನಿಂದ ನೇರ ಇಂಗ್ಲಿಷಿಗೆ ನಿಘಂಟು ಸಿಗಲಿಲ್ಲ. ತುವನ್ ಪದಕ್ಕೆ ರಷ್ಯನ್ ಅರ್ಥ, ಆ ರಷ್ಯನ್ನಿಗೆ ಇಂಗ್ಲಿಷ್ ಅರ್ಥ. ಅದೂ ಅಚ್ಚಿನ ಅಕ್ಷರದ ಆಕಾರವನ್ನು ಬೆರಳಿಗೆ ಕಂಪನವಾಗಿ ಮುಟ್ಟಿಸುವ ಯಂತ್ರ ಹಿಡಿದು, ಅಕ್ಷರಕ್ಕೊಂದು ಅಕ್ಷರ. ಅಲ್ಲಿ ಭಾಷೆಯ ಹಂಗು ಎಷ್ಟು ದೊಡ್ಡದಿತ್ತೆಂದು ನೋಡಿ! ನನ್ನ ವಾಕ್ಯಕ್ಕಿಂತ ನಿಮ್ಮ ಅನುಮಾನವೇ ನಿಜಕ್ಕೆ ಹತ್ತಿರ.

1993ರಲ್ಲಿ ತುವಾದ ಹೆಸರಾಂತ ಗಾಯಕ ಕೊಂಗರ್-ಓಲ್ ಒಂದರ್ ಸ್ಯಾನ್ ಫ್ರಾನ್ಸಿಸ್ಕೊಗೆ ಬಂದರು. ಕಛೇರಿ ಮುಗಿದ ಮೇಲೆ ಪೆನಾ ಹೋಗಿ ಒಂದರ್ ಮುಂದೆ ನಿಂತು, ತುವಾದವರದೇ ಶೈಲಿಯಲ್ಲಿ ಹಾಡಿದರು. ಬೆರಗಾದ ಒಂದರ್ ನಮ್ಮೂರಿನ ಸ್ಪರ್ಧೆಗೆ ಬಾ ಎಂದು ಕರೆದರು. ಚಿತ್ರದ ಕಥೆ 1995ರ ಆ ಪಯಣದ್ದೇ.

ತುವಾದ ರಾಜಧಾನಿ ಕಿಜಿಲ್ ನಗರದ ಆ ಸ್ಪರ್ಧೆಯಲ್ಲಿ, ಎದೆಯಾಳದಿಂದ ಗುಡುಗುವ 'ಕರ್ಗಿರಾ' ವಿಭಾಗದಲ್ಲಿ ಪೆನಾ ಗೆಲ್ಲುತ್ತಾರೆ. ಆದರೆ ನನ್ನ ಮನಸ್ಸು ನಿಂತದ್ದು ಗೆಲುವಿನ ಮೇಲಲ್ಲ. ಆ ಪಯಣದಲ್ಲಿ ಪೆನಾರನ್ನು ಖಿನ್ನತೆಯೂ ಕಾಡುತ್ತದೆ, ಚಿತ್ರ ಅದನ್ನು ಮುಚ್ಚಿಡುವುದಿಲ್ಲ. ಆ ದಿನಗಳಲ್ಲಿ ಒಂದರ್ ಪೆನಾರ ಜೊತೆಗಿರುವ ರೀತಿಯನ್ನು ಗಮನಿಸಿ. ಅಲ್ಲಿ ವೇದಿಕೆಯೂ ಇಲ್ಲ, ಚಪ್ಪಾಳೆಯೂ ಇಲ್ಲ.

ಪೆನಾ 2005ರಲ್ಲಿ, ಒಂದರ್ 2013ರಲ್ಲಿ ತೀರಿಕೊಂಡರು. ಪೆನಾರ ಆ ತಗ್ಗಿನ ದನಿಗೆ ತುವಾದಲ್ಲಿ ಒಂದು ಹೆಸರು ಬಿದ್ದಿತ್ತು: 'ಚೆರ್ ಶಿಮ್ಜೆರ್'. ಹಾಗೆಂದರೆ ಭೂಕಂಪ. ಒಳ್ಳೆಯ ಹೆಡ್‌ಫೋನ್ ಹಾಕಿಕೊಂಡು ಕೇಳಿ, ಆ ಹೆಸರು ಯಾಕೆ ಬಿತ್ತೆಂದು ತಿಳಿಯುತ್ತದೆ. ಮತ್ತೆ ಬರೆಯಿರಿ.

– ಸಂಪಾದಕ